ಆ ಸೀಸೆಯಲ್ಲಿ ಏನಿದೆ ಅಂತ ಕೇಳಿದ್ದೀರಾ?

ರಾಜಕೀಯಕ್ಕೆ ಇವತ್ತೊಂದು ದಿನ ರಜೆ. ಇವತ್ತು ಮುಖದ ವಿಚಾರ. ನಿಮ್ಮ ಮುಖ, ನನ್ನ ಮುಖ, ಎಲ್ಲರ ಮುಖ.

ನಮ್ಮ ಆರೋಗ್ಯ ಕಾರ್ಯಕ್ರಮಕ್ಕೆ ದಾವಣಗೆರೆ ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿದ್ರು. "ಸರ್, ಮುಂದಿನ ತಿಂಗಳು ಮಗಳ ಮದುವೆ. ಪಾರ್ಲರ್‌ನವರು ಹಣೆಗೆ ಬೊಟಾಕ್ಸ್ ಹಾಕಿಸ್ಕೊಳಿ ಮೇಡಂ, ಹತ್ತು ವರ್ಷ ಚಿಕ್ಕೋರ ಥರ ಕಾಣ್ತೀರಿ ಅಂತಿದಾರೆ. ಮೂರು ಜನ ಸೇರಿ ಬಂದ್ರೆ ರೇಟೂ ಕಮ್ಮಿ ಮಾಡ್ತಾರಂತೆ. ಹಾಕಿಸ್ಕೊಳ್ಳಲಾ?" ಸ್ಟುಡಿಯೋದಲ್ಲಿ ಕೂತಿದ್ದ ಚರ್ಮರೋಗ ತಜ್ಞರು ಉತ್ತರ ಕೊಡೋದಕ್ಕಿಂತ ಮುಂಚೆ ಒಂದು ಪ್ರಶ್ನೆ ಕೇಳಿದ್ರು: "ಅಮ್ಮಾ, ಅವರು ನಿಮಗೆ ಸೀಸೆ ತೋರಿಸಿದ್ರಾ?" ಆ ತಾಯಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಸೀಸೆ ಯಾಕೆ ನೋಡಬೇಕು? ಇಂಜೆಕ್ಷನ್ ಅಂದ್ರೆ ಇಂಜೆಕ್ಷನ್ ಅಲ್ವಾ?

ಅಲ್ಲ. ಯಾಕೆ ಅಲ್ಲ ಅನ್ನೋದನ್ನ ಇವತ್ತು ಬಿಡಿಸಿ ಹೇಳ್ತೀನಿ.

ಮೊದಲು ಇದೇನು ವಸ್ತು ಅಂತ ತಿಳ್ಕೊಳ್ಳಿ. ಬೊಟಾಕ್ಸ್ ಅನ್ನೋದು ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಒಳಗಿರೋ ಔಷಧದ ಹೆಸರು ಬೊಟುಲಿನಂ ಟಾಕ್ಸಿನ್. ಟಾಕ್ಸಿನ್ ಅಂದ್ರೆ ವಿಷ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನೋ ಬ್ಯಾಕ್ಟೀರಿಯಾ ತಯಾರಿಸುವ ವಿಷ ಇದು. ಮನುಷ್ಯನಿಗೆ ಗೊತ್ತಿರುವ ವಿಷಗಳ ಪೈಕಿ ಅತ್ಯಂತ ತೀಕ್ಷ್ಣವಾದದ್ದು ಇದೇ ಅಂತಾರೆ. ಲ್ಯಾಟಿನ್‌ನಲ್ಲಿ ಬೊಟುಲಸ್ ಅಂದ್ರೆ ಮಾಂಸ ತುಂಬಿದ ಸಾಸೇಜ್. ಎರಡು ನೂರು ವರ್ಷಗಳ ಹಿಂದೆ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತ್ಯದಲ್ಲಿ ಕೆಟ್ಟ ಸಾಸೇಜ್ ತಿಂದು ಜನ ಸಾಯ್ತಾ ಇದ್ರು. ಯುಸ್ಟಿನಸ್ ಕರ್ನರ್ ಅನ್ನೋ ಡಾಕ್ಟರು, ಇವರು ಕವಿಯೂ ಹೌದು, ಆ ಸಾವುಗಳ ಬೆನ್ನು ಹತ್ತಿ ಲಕ್ಷಣಗಳನ್ನ ಬರೆದಿಟ್ಟರು. 1895ರಲ್ಲಿ ಬೆಲ್ಜಿಯಂನ ಒಂದು ಹಳ್ಳಿಯಲ್ಲಿ ಸಾವಿನ ಮನೆಗೆ ವಾದ್ಯ ನುಡಿಸೋಕೆ ಬಂದ ಬ್ಯಾಂಡಿನವರು ಊಟಕ್ಕೆ ಬಡಿಸಿದ ಹಂದಿಮಾಂಸ ತಿಂದು ಹಾಸಿಗೆ ಹಿಡಿದ್ರು, ಮೂವರು ಸತ್ತರು. ಆ ಮಾಂಸದಲ್ಲಿದ್ದ ಬ್ಯಾಕ್ಟೀರಿಯಾವನ್ನ ಕಂಡುಹಿಡಿದವರು ಎಮಿಲ್ ವಾನ್ ಎರ್ಮೆಂಗೆಮ್.

ಇಂಥ ವಿಷ ಮುಖಕ್ಕೆ ಹೇಗೆ ಬಂತು? ಕಣ್ಣಿನ ದಾರಿಯಲ್ಲಿ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ಡಾಕ್ಟರ್ ಅಲನ್ ಸ್ಕಾಟ್ ಮೆಳ್ಳೆಗಣ್ಣನ್ನ ಆಪರೇಷನ್ ಇಲ್ಲದೆ ಸರಿ ಮಾಡೋದು ಹೇಗೆ ಅಂತ ಹುಡುಕ್ತಾ ಇದ್ರು. ಕಣ್ಣನ್ನ ಒಂದು ಕಡೆ ಎಳೀತಿರೋ ಸ್ನಾಯುವಿಗೆ ಈ ವಿಷವನ್ನ ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಆ ಸ್ನಾಯು ಸಡಿಲ ಆಗುತ್ತೆ, ಕಣ್ಣು ನೇರ ಆಗುತ್ತೆ. 1989ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಡ್ತು. ಅದಕ್ಕೂ ಎರಡು ವರ್ಷ ಮುಂಚೆ ಕೆನಡಾದ ವ್ಯಾಂಕೂವರ್‌ನಲ್ಲಿ ಜೀನ್ ಕರುಥರ್ಸ್ ಅನ್ನೋ ಕಣ್ಣಿನ ಡಾಕ್ಟರ ಹತ್ರ ರೆಪ್ಪೆ ಅದುರುವ ಕಾಯಿಲೆಗೆ ಈ ಇಂಜೆಕ್ಷನ್ ತಗೊಳ್ತಿದ್ದ ಒಬ್ಬ ಹೆಂಗಸು, ನನ್ನ ಹುಬ್ಬಿನ ನಡುವೆಯೂ ಚುಚ್ಚಿ, ಅಲ್ಲಿ ಚುಚ್ಚಿದಾಗ ಮುಖಕ್ಕೊಂದು ಕಳೆ ಬರುತ್ತೆ ಅಂದ್ರಂತೆ. ಡಾಕ್ಟರ್ ಆ ಮಾತನ್ನ ಮನೇಲಿ ಗಂಡನ ಮುಂದೆ ಹೇಳಿದ್ರು. ಗಂಡ ಅಲಸ್ಟೇರ್ ಚರ್ಮರೋಗ ತಜ್ಞ. ಮುಂದಿನದ್ದು ಇತಿಹಾಸ. ಹುಬ್ಬುಗಳ ನಡುವಿನ ಗೆರೆಗೆ ಬೊಟಾಕ್ಸ್ ಬಳಸಬಹುದು ಅಂತ ಅಮೆರಿಕದ ಎಫ್‌ಡಿಎ ಹೇಳಿದ್ದು 2002ರ ಏಪ್ರಿಲ್‌ನಲ್ಲಿ.

ಸ್ನಾಯುವಿಗೆ ಬಿಗಿ ಆಗು ಅಂತ ನರ ಆಜ್ಞೆ ಕೊಡೋದು ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕದ ಮೂಲಕ. ನರದ ತುದಿಯಿಂದ ಆ ರಾಸಾಯನಿಕ ಹೊರಗೆ ಬರದ ಹಾಗೆ ಈ ಟಾಕ್ಸಿನ್ ಬಾಗಿಲು ಹಾಕುತ್ತೆ. ಆಜ್ಞೆ ತಲುಪಲ್ಲ, ಸ್ನಾಯು ಸುಮ್ಮನಿರುತ್ತೆ, ಮೇಲಿನ ಚರ್ಮ ಮಡಚಲ್ಲ. ಮೂರು ನಾಲ್ಕು ತಿಂಗಳಲ್ಲಿ ನರ ಚೇತರಿಸಿಕೊಳ್ಳುತ್ತೆ, ಗೆರೆ ವಾಪಸ್. ಹಾಗಾಗಿ ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಮೂಡುವ ಗೆರೆಗೆ ಇದು ಕೆಲಸ ಮಾಡುತ್ತೆ. ಬಿಸಿಲಿಗೆ ಒಣಗಿ, ವಯಸ್ಸಿಗೆ ಜೋತುಬಿದ್ದು, ಸುಮ್ಮನಿದ್ದಾಗಲೂ ಕಾಣುವ ಸುಕ್ಕು ಇದರಿಂದ ಪೂರ್ತಿ ಹೋಗಲ್ಲ. "ಹತ್ತು ವರ್ಷ ಚಿಕ್ಕೋರು" ಅನ್ನೋದು ಮಾರಾಟದ ಮಾತು.

ಈಗ ಸೀಸೆಗೆ ಬರೋಣ. ಇವತ್ತಿನ ಮುಖ್ಯ ವಿಷಯ ಇದೇ.

ಡಾಕ್ಟರ್‌ಗಳು ವಯಲ್ ಅಂತಾರಲ್ಲ, ಹೆಬ್ಬೆರಳಷ್ಟು ದಪ್ಪದ ಗಾಜಿನ ಸೀಸೆ. 100 ಯೂನಿಟ್‌ನ ಬೊಟಾಕ್ಸ್ ಸೀಸೆಯನ್ನ ಕೈಗೆ ತಗೊಂಡು ಬೆಳಕಿಗೆ ಹಿಡಿದ್ರೆ ನಿಮಗೆ ಕಾಣೋದು ಬಹುತೇಕ ಖಾಲಿ ಸೀಸೆ! ತಳದಲ್ಲಿ ಬಿಳಿ ಪೊರೆ ಥರ ಏನೋ ಅಂಟಿರುತ್ತೆ, ಅಷ್ಟೇ. ಅದೂ ಟಾಕ್ಸಿನ್ ಅಲ್ಲ. ಅದು ಅರ್ಧ ಮಿಲಿಗ್ರಾಂ ಅಲ್ಬುಮಿನ್ ಅನ್ನೋ ಪ್ರೋಟೀನು, ಜೊತೆಗೆ ಒಂಚೂರು ಉಪ್ಪು. ನಿಜವಾದ ಟಾಕ್ಸಿನ್ ಸುಮಾರು 5 ನ್ಯಾನೋಗ್ರಾಂ. ಅಂದ್ರೆ ಎಷ್ಟು? ಒಂದು ಗ್ರಾಂ ಸಕ್ಕರೆಯನ್ನ 20 ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲು. ಕಣ್ಣಿಗೆ ಕಾಣಲ್ಲ, ಮನೆಯಲ್ಲಿರೋ ಯಾವ ತಕ್ಕಡಿಗೂ ಸಿಗಲ್ಲ. ಅಂಗಡಿಯಲ್ಲಿ ಅಕ್ಕಿ ಕೊಂಡರೆ ತೂಕ ನೋಡ್ತೀರಿ, ಹಾಲು ಕೊಂಡರೆ ಬೆರಳದ್ದಿ ನೋಡ್ತೀರಿ. ಇಲ್ಲಿ ನೋಡೋಕೆ ಏನೂ ಇಲ್ಲ. ಲೇಬಲ್, ಬ್ಯಾಚ್ ನಂಬರ್, ಕೊಡುವವರ ಕೈ, ಇಷ್ಟನ್ನೇ ನಂಬಬೇಕು.

ಈ ಸೀಸೆ ಕಾರ್ಖಾನೆಯಿಂದ ಕ್ಲಿನಿಕ್‌ವರೆಗೂ ತಣ್ಣಗೇ ಬರಬೇಕು. ಕ್ಲಿನಿಕ್‌ನಲ್ಲೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿನ ಫ್ರಿಜ್‌ನಲ್ಲೇ ಇರಬೇಕು. ಬೇಸಿಗೆಯಲ್ಲಿ ನಮ್ಮ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಕರೆಂಟು ಹೋದ್ರೆ ಏನು ಗತಿ? ಯುಪಿಎಸ್ ಇರೋ ಕ್ಲಿನಿಕ್‌ನಲ್ಲಿ ತೊಂದರೆ ಇಲ್ಲ. ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಕೊಂಡು ಮನೆಮನೆಗೆ ಬಂದು ಚುಚ್ಚುವವರ ಹತ್ರ ಯಾವ ಫ್ರಿಜ್ ಇದೆ ಸ್ವಾಮಿ? ಬಿಸಿಗೆ ಸಿಕ್ಕ ಪ್ರೋಟೀನ್ ಕೆಡುತ್ತೆ. ಕೆಟ್ಟಿದೆ ಅಂತ ಬಣ್ಣವೋ ವಾಸನೆಯೋ ಹೇಳಲ್ಲ.

ಪುಡಿಯನ್ನ ದ್ರವ ಮಾಡೋದು ಅದನ್ನ ಬಳಸುವ ಹೊತ್ತಿಗೆ. ಇದಕ್ಕೆ ಬೇಕಾದ್ದು ಪ್ರಿಸರ್ವೇಟಿವ್ ಇಲ್ಲದ 0.9 ಪರ್ಸೆಂಟಿನ ಸ್ಟೆರೈಲ್ ಸಲೈನ್ ಅಂತ ಕಂಪನಿಯ ಲೇಬಲ್ ಹೇಳುತ್ತೆ. ಸೀಸೆಯ ರಬ್ಬರ್ ಮುಚ್ಚಳವನ್ನ ಸ್ಪಿರಿಟ್‌ನಿಂದ ಒರೆಸಿ, ಆ ಸ್ಪಿರಿಟ್ ಆರೋ ತನಕ ಕಾಯ್ತಾರೆ. ಸಿರಿಂಜ್‌ನಲ್ಲಿ ಸಲೈನ್ ತಗೊಂಡು ಸೂಜಿ ಚುಚ್ಚಿದ ಕ್ಷಣ ಒಂದು ಸ್ವಾರಸ್ಯ ನಡೆಯುತ್ತೆ. ಸೀಸೆ ಒಳಗೆ ಗಾಳಿ ಇಲ್ಲ, ವ್ಯಾಕ್ಯೂಮ್ ಇರುತ್ತೆ. ಹಾಗಾಗಿ ಡಾಕ್ಟರ್ ಒತ್ತಬೇಕಾಗಿಲ್ಲ, ಸೀಸೆಯೇ ಸಲೈನನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಎಳ್ಕೊಳ್ಳಲಿಲ್ಲ ಅಂದ್ರೆ? ಆ ಸೀಸೆಯನ್ನ ಎಸೀಬೇಕು. ಇದೂ ಲೇಬಲ್‌ನಲ್ಲೇ ಇರೋ ಮಾತು. ಮುಂಚೇನೇ ಯಾರೋ ತೆರೆದಿದ್ದಾರೋ, ಸೀಲ್ ಸಡಿಲ ಆಗಿದೆಯೋ ಅನ್ನೋದಕ್ಕೆ ಇದೊಂದು ಸುಲಭದ ಪರೀಕ್ಷೆ. ನಂಗೆ ಇದು ಬಹಳ ಇಷ್ಟ ಆದ ವಿಷಯ, ಸೀಸೆ ತಾನೇ ಸಾಕ್ಷಿ ಹೇಳುತ್ತೆ.

ಆಮೇಲೆ ಕೆಮ್ಮಿನ ಸಿರಪ್ ಥರ ಗಲಗಲ ಅಲ್ಲಾಡಿಸೋ ಹಾಗಿಲ್ಲ. ನಿಧಾನಕ್ಕೆ ತಿರುಗಿಸಬೇಕು, ನೊರೆ ಬರಬಾರದು. ದ್ರವ ತಿಳಿಯಾಗಿರಬೇಕು, ಬಣ್ಣ ಇರಬಾರದು, ಕಣಗಳು ತೇಲಬಾರದು. ಕಲಸಿದ ದಿನಾಂಕ, ಸಮಯ ಸೀಸೆಯ ಮೇಲೆ ಬರೀಬೇಕು. ಮತ್ತೆ ಫ್ರಿಜ್. 24 ಗಂಟೆಯೊಳಗೆ ಬಳಸಬೇಕು, ಒಂದು ಸೀಸೆ ಒಬ್ಬರಿಗೇ ಅನ್ನುತ್ತೆ ಲೇಬಲ್.

ಇಲ್ಲೊಂದು ಜಗಳ ಇದೆ, ಮುಚ್ಚಿಡಲ್ಲ. ಹುಬ್ಬಿನ ನಡುವಿನ ಗೆರೆಗೆ ಬೇಕಾಗೋದು 20 ಯೂನಿಟ್. ಐದು ಕಡೆ, ಒಂದೊಂದು ಕಡೆ 4 ಯೂನಿಟ್. 100 ಯೂನಿಟ್ ಸೀಸೆ ತೆರೆದು 20 ಬಳಸಿ 80 ಚೆಲ್ಲೋದಾ? ದುಬಾರಿ ಔಷಧ. ಹಾಗಾಗಿ ಕಲಸಿದ ಸೀಸೆಯನ್ನ ಫ್ರಿಜ್‌ನಲ್ಲಿಟ್ಟು ಕೆಲವು ವಾರ ಬಳಸಿದರೂ ಶಕ್ತಿ ಕುಂದಲ್ಲ, ಸ್ವಚ್ಛತೆ ಪಾಲಿಸಿದರೆ ಒಬ್ಬರಿಗಿಂತ ಹೆಚ್ಚು ಜನಕ್ಕೆ ಕೊಡಬಹುದು ಅಂತ ವಾದಿಸುವ ತಜ್ಞರು ಅಮೆರಿಕದಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. "ಮೂರು ಜನ ಸೇರಿ ಬನ್ನಿ, ರೇಟು ಕಮ್ಮಿ" ಅನ್ನೋದರ ಗುಟ್ಟು ಈಗ ಗೊತ್ತಾಯ್ತಲ್ಲ? ನನ್ನ ಅಭಿಪ್ರಾಯ ಇಷ್ಟೇ. ತಜ್ಞ ವೈದ್ಯರು ತಮ್ಮ ಹೆಸರು, ತಮ್ಮ ಹೊಣೆ ಇಟ್ಟು ಅಂಥ ತೀರ್ಮಾನ ತಗೊಳ್ಳೋದು ಒಂದು. ಪಾರ್ಲರ್‌ನ ಫ್ರಿಜ್‌ನಲ್ಲಿ ಐಸ್‌ಕ್ರೀಂ ಪಕ್ಕ ತಾರೀಖಿಲ್ಲದ ಸೀಸೆ ಇಟ್ಕೊಂಡು ಇದ್ದಬದ್ದವರಿಗೆಲ್ಲ ಚುಚ್ಚೋದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಸೀಸೆ ಹಂಚಿಕೊಂಡರೂ ಸೂಜಿ, ಸಿರಿಂಜ್ ಪ್ರತಿಯೊಬ್ಬರಿಗೂ ಹೊಸದಾಗಿರಲೇಬೇಕು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ರಕ್ತದ ಫೇಷಿಯಲ್ ಮಾಡಿಸಿಕೊಂಡ ಹೆಂಗಸರಿಗೆ ಎಚ್‌ಐವಿ ಬಂದ ಪ್ರಕರಣ 2018ರಲ್ಲಿ ಬೆಳಕಿಗೆ ಬಂತು. ಅಲ್ಲಿ ಬೊಟಾಕ್ಸ್ ತಪ್ಪಲ್ಲ, ಸ್ವಚ್ಛತೆ ಇಲ್ಲದ್ದು ತಪ್ಪು.

ಇನ್ನು ನೀರು ಬೆರೆಸುವ ಲೆಕ್ಕ. ಜನ ಮೋಸ ಹೋಗೋದು ಇಲ್ಲೇ.

100 ಯೂನಿಟ್ ಸೀಸೆಗೆ 2.5 ಎಂಎಲ್ ಸಲೈನ್ ಹಾಕಿದ್ರೆ 0.1 ಎಂಎಲ್‌ನಲ್ಲಿ 4 ಯೂನಿಟ್ ಇರುತ್ತೆ. ಅದೇ ಸೀಸೆಗೆ 5 ಎಂಎಲ್ ಹಾಕಿದ್ರೆ 0.1 ಎಂಎಲ್‌ನಲ್ಲಿ ಬರೀ 2 ಯೂನಿಟ್. ಸಿರಿಂಜ್‌ನಲ್ಲಿ ಕಾಣೋ ದ್ರವ ಅಷ್ಟೇ, ಬಣ್ಣವೂ ಅದೇ. ಒಳಗಿರೋ ಔಷಧ ಅರ್ಧ. ಹಾಲಿಗೆ ನೀರು ಹಾಕಿದ್ರೆ ಕಾಫಿ ಕುಡಿದಾಗ ಗೊತ್ತಾಗುತ್ತೆ. ಇಲ್ಲಿ ಗೊತ್ತಾಗೋದು ಹದಿನೈದು ದಿನ ಆದ್ಮೇಲೆ, ಹಣೆ ಹಾಗೇ ಇದೆಯಲ್ಲ ಅಂದಾಗ. ಹಾಗಂತ ನೀರು ಜಾಸ್ತಿ ಹಾಕಿದವರೆಲ್ಲ ಮೋಸಗಾರರಲ್ಲ. ಕೆಲವು ಡಾಕ್ಟರ್‌ಗಳು ಬೇಕಂತಲೇ ತೆಳ್ಳಗೆ ಕಲಸ್ತಾರೆ, ಕೆಲವರು ಗಟ್ಟಿಯಾಗಿ. ಮುಖ್ಯವಾದದ್ದು ಎಂಎಲ್ ಅಲ್ಲ, ಯೂನಿಟ್. "ನನಗೆ ಎಷ್ಟು ಯೂನಿಟ್ ಹಾಕಿದ್ರಿ?" ಅನ್ನೋ ಒಂದೇ ಪ್ರಶ್ನೆ ಸಾಕು. ಉತ್ತರ ಇಲ್ಲದವರ ಕುರ್ಚಿಯಿಂದ ಎದ್ದು ಬನ್ನಿ.

ಇನ್ನೊಂದು ತಿರುವು ಇದೆ. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದು ಬ್ರ್ಯಾಂಡಿನ ಯೂನಿಟ್ ಅಲ್ಲ. ಯೂನಿಟ್ ಅನ್ನೋದನ್ನ ಲೆಕ್ಕ ಹಾಕಿದ್ದು ಇಲಿಗಳ ಮೇಲಿನ ಪರೀಕ್ಷೆಯಿಂದ, ಆ ಪರೀಕ್ಷೆಯನ್ನ ಒಂದೊಂದು ಕಂಪನಿ ಒಂದೊಂದು ಥರ ಮಾಡುತ್ತೆ. ಹುಬ್ಬಿನ ನಡುವಿಗೆ ಬೊಟಾಕ್ಸ್ ಆದರೆ 20 ಯೂನಿಟ್, ಡಿಸ್ಪೋರ್ಟ್ ಆದರೆ 50. "ಅಲ್ಲಿ 20 ಹಾಕಿದ್ರು, ನಾವು 50 ಹಾಕ್ತೀವಿ ಮೇಡಂ, ಡಬಲ್‌ಗಿಂತ ಜಾಸ್ತಿ" ಅಂತ ಯಾರಾದ್ರೂ ಬೀಗಿದ್ರೆ ನಗಬೇಕೋ ಅಳಬೇಕೋ ನೀವೇ ಹೇಳಿ. ಡಿಸ್ಪೋರ್ಟ್‌ನಲ್ಲಿ ಹಾಲಿನಿಂದ ಬರೋ ಲ್ಯಾಕ್ಟೋಸ್ ಇರೋದ್ರಿಂದ ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರುವವರಿಗೆ ಅದು ಆಗಲ್ಲ. ಪಾರ್ಲರ್‌ನವರು ನಿಮ್ಮನ್ನ ಹಾಲಿನ ಅಲರ್ಜಿ ಇದೆಯಾ ಅಂತ ಕೇಳಿದ್ರಾ?

ಅಳತೆ ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ 2004ರ ನವೆಂಬರ್‌ನಲ್ಲಿ ಫ್ಲೋರಿಡಾದಲ್ಲಿ ನಡೆದದ್ದು ಕೇಳಿ. ಅಮಾನತಾದ ಲೈಸೆನ್ಸ್ ಇಟ್ಕೊಂಡಿದ್ದ ಒಬ್ಬ ವೈದ್ಯ ಅಸಲಿ ಬೊಟಾಕ್ಸ್ ಬದಲು ಸಂಶೋಧನೆಗೆ ಮಾರುವ ಟಾಕ್ಸಿನ್ ತರಿಸಿದ. ಮನುಷ್ಯರಿಗೆ ಬಳಸುವಂತಿಲ್ಲ ಅಂತ ಅದರ ಮೇಲೆ ಬರೆದಿತ್ತು. ತನಗೂ ಸೇರಿ ನಾಲ್ಕು ಜನರಿಗೆ ಚುಚ್ಚಿದ. ನಾಲ್ವರಿಗೂ ಪಾರ್ಶ್ವವಾಯು ಥರ ಮೈಯೆಲ್ಲ ಸೋತು, ಉಸಿರಾಟಕ್ಕೆ ವೆಂಟಿಲೇಟರ್ ಬೇಕಾಯ್ತು. ಜೀವ ಉಳಿದದ್ದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಇದ್ದು. ಆಮೇಲೆ ಅದೇ ಲಾಟಿನ ಸೀಸೆ ಪರೀಕ್ಷಿಸಿದರು. ಅದರಲ್ಲಿದ್ದದ್ದು 100 ಮೈಕ್ರೋಗ್ರಾಂ. ಬೊಟಾಕ್ಸ್ ಸೀಸೆಯಲ್ಲಿ ಇರೋದು ಸುಮಾರು 5 ನ್ಯಾನೋಗ್ರಾಂ ಅಂದೆನಲ್ಲ? ಭಾಗಿಸಿ ನೋಡಿ, ಇಪ್ಪತ್ತು ಸಾವಿರ ಪಟ್ಟು. ಡಾಕ್ಟರ್ ಅನ್ನಿಸಿಕೊಂಡವನಿಗೇ ತನ್ನ ಕೈಯಲ್ಲಿ ಏನಿದೆ ಅಂತ ಗೊತ್ತಾಗಲಿಲ್ಲ. ಅವನು ಜೈಲಿಗೂ ಹೋದ.

ಅದು ಹಳೇ ಕಥೆ ಅಂತೀರಾ? 2024ರಲ್ಲಿ ಅದೇ ಅಮೆರಿಕದ 11 ರಾಜ್ಯಗಳಲ್ಲಿ 22 ಮಂದಿ ನಕಲಿ ಅಥವಾ ಸರಿಯಾಗಿ ಬಳಸದ ಇಂಜೆಕ್ಷನ್‌ನಿಂದ ಕಾಯಿಲೆ ಬಿದ್ದರು, 11 ಜನ ಆಸ್ಪತ್ರೆ ಸೇರಿದರು. ಬಹುತೇಕರು ಚುಚ್ಚಿಸಿಕೊಂಡದ್ದು ಲೈಸೆನ್ಸ್ ಇಲ್ಲದವರಿಂದ, ತರಬೇತಿ ಇಲ್ಲದವರಿಂದ, ಇಲ್ಲವೇ ಮನೆಗಳಲ್ಲಿ, ಸ್ಪಾಗಳಲ್ಲಿ. ನಕಲಿ ಡಬ್ಬಿಯನ್ನ ಪತ್ತೆ ಹಚ್ಚಿದ್ದು ಹೇಗೆ ಗೊತ್ತಾ? ಡಬ್ಬಿ ಮೇಲೆ 150 ಯೂನಿಟ್ ಅಂತ ಇತ್ತು. ಆ ಕಂಪನಿ 150 ಯೂನಿಟ್ ಸೀಸೆ ಮಾಡೋದೇ ಇಲ್ಲ! 50, 100, 200 ಅಷ್ಟೇ. ಅಸಲಿ ಡಬ್ಬಿಯಲ್ಲಿ ಔಷಧದ ಹೆಸರು ಒನಾಬೊಟುಲಿನಂಟಾಕ್ಸಿನ್-ಎ ಅಂತ ಇರುತ್ತೆ, ನಕಲಿಯಲ್ಲಿ ಬರೀ ಬೊಟುಲಿನಂ ಟಾಕ್ಸಿನ್ ಟೈಪ್ ಎ ಅಂತ ಇತ್ತು. ಓದೋ ಅಭ್ಯಾಸ ಇದ್ದವರಿಗೆ ಐದು ಸೆಕೆಂಡಿನ ಕೆಲಸ. ಚುಚ್ಚಿದವರು ಓದಲಿಲ್ಲ, ಚುಚ್ಚಿಸಿಕೊಂಡವರು ಕೇಳಲಿಲ್ಲ.

ಅದಕ್ಕೇ ಖಾಲಿ ಸೀಸೆಗೂ ಬೆಲೆ ಇದೆ. ಅಸಲಿ ಲೇಬಲ್ ಇರೋ ಖಾಲಿ ಸೀಸೆ ನಕಲಿ ಮಾಡುವವನ ಕೈಗೆ ಸಿಕ್ಕರೆ ಅದಕ್ಕೆ ಏನು ತುಂಬಿದರೂ ಅಸಲಿ ಥರವೇ ಕಾಣುತ್ತೆ. ಉಳಿದ ದ್ರವವನ್ನ ಬ್ಲೀಚಿಂಗ್ ದ್ರಾವಣ ಹಾಕಿ ನಿಷ್ಕ್ರಿಯ ಮಾಡಿ, ಸೂಜಿಯನ್ನ ಚುಚ್ಚಲಾಗದ ಬಿಳಿ ಡಬ್ಬಿಗೆ, ಗಾಜನ್ನ ನೀಲಿ ಡಬ್ಬಿಗೆ ಹಾಕಿ ವೈದ್ಯಕೀಯ ತ್ಯಾಜ್ಯದ ಗಾಡಿಗೆ ಕೊಡೋದು ಕ್ಲಿನಿಕ್‌ನ ಕೆಲಸ. ಮುನ್ಸಿಪಾಲಿಟಿ ಕಸಕ್ಕೆ ಎಸೆಯೋದಲ್ಲ.

ಈಗ ನಮ್ಮೂರಿನ ಮಾತು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ನಡೆಸೋಕೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರೂ ಕೆಪಿಎಂಇ ಅಂತಾರಲ್ಲ, ಅದರಡಿ ನೋಂದಣಿ ಬೇಕು. ಬ್ಯೂಟಿ ಪಾರ್ಲರ್‌ನ ಟ್ರೇಡ್ ಲೈಸೆನ್ಸ್ ಅದಲ್ಲ. ಹುಬ್ಬು ತೀಡುವ ಹೆಣ್ಣುಮಕ್ಕಳ ಕೈಚಳಕದ ಬಗ್ಗೆ ನನಗೆ ಗೌರವ ಇದೆ, ದುಡಿದು ತಿನ್ನೋರು ಅವರು. ಆದ್ರೆ ಹುಬ್ಬಿನ ಕೆಳಗೆ ಯಾವ ಸ್ನಾಯು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅನ್ನೋದು ಥ್ರೆಡ್ಡಿಂಗ್ ಕೋರ್ಸಿನಲ್ಲಿ ಹೇಳಿಕೊಡಲ್ಲ. ಸೂಜಿ ಸ್ವಲ್ಪ ಕೆಳಗಿಳಿದ್ರೆ ಔಷಧ ರೆಪ್ಪೆ ಎತ್ತುವ ಸ್ನಾಯುವಿಗೆ ಹರಿದು ರೆಪ್ಪೆ ಜೋತುಬೀಳುತ್ತೆ. ಒಳ್ಳೇ ಡಾಕ್ಟರ ಕೈಯಲ್ಲೂ ನೂರಕ್ಕೆ ಕೆಲವರಿಗೆ ಹೀಗಾಗುತ್ತೆ, ವಾರಗಳಲ್ಲಿ ಸರಿಹೋಗುತ್ತೆ. ಮಗಳ ಧಾರೆ ಎರೆಯೋ ದಿನ ಒಂದು ಕಣ್ಣು ಅರ್ಧ ಮುಚ್ಚಿಕೊಂಡಿದ್ರೆ? ಆ ತಾಯಿಗೆ ತಜ್ಞರು ಇದನ್ನೇ ಹೇಳಿದ್ರು: ಮೊದಲ ಸಲ ಮಾಡಿಸೋದಾದ್ರೆ ಮದುವೆಗೆ ಇಷ್ಟು ಹತ್ತಿರ ಬೇಡ.

ಅಂದ ಹಾಗೆ, ಪಾರ್ಲರ್‌ಗಳಲ್ಲಿ "ಹೇರ್ ಬೊಟಾಕ್ಸ್" ಅಂತ ಬೋರ್ಡ್ ಇರುತ್ತಲ್ಲ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅದು ಕೂದಲಿಗೆ ಹಚ್ಚುವ ಕ್ರೀಮು. ಹೆಸರು ಮಾತ್ರ ಎರವಲು.

ಯಾರಿಗೆ ಬೇಡ? ಗರ್ಭಿಣಿಯರು, ಎದೆಹಾಲು ಕೊಡುವ ತಾಯಂದಿರು ದೂರ ಇರಲಿ ಅಂತಾರೆ ವೈದ್ಯರು. ಮಯಸ್ತೇನಿಯಾ ಗ್ರೇವಿಸ್‌ನಂಥ ನರ-ಸ್ನಾಯು ಕಾಯಿಲೆ ಇದ್ದವರು, ಜೆಂಟಾಮೈಸಿನ್ ಥರದ ಆಂಟಿಬಯೋಟಿಕ್ ತಗೊಳ್ತಿರೋರು, ಚುಚ್ಚುವ ಜಾಗದಲ್ಲಿ ಸೋಂಕು ಇದ್ದವರು ಡಾಕ್ಟರಿಗೆ ಮೊದಲೇ ಬಾಯಿಬಿಟ್ಟು ಹೇಳಬೇಕು. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ರೆ ಅದನ್ನೂ ಹೇಳಿ. ಚುಚ್ಚಿದ ಮೇಲೆ ಆ ಜಾಗವನ್ನ ಉಜ್ಜಬೇಡಿ, ಅವತ್ತೇ ಫೇಷಿಯಲ್ ಮಾಡಿಸಬೇಡಿ. ಗೆರೆ ಸಡಿಲ ಆಗೋಕೆ ಮೂರು ನಾಲ್ಕು ದಿನ ಬೇಕು, ಪೂರ್ತಿ ಪರಿಣಾಮ ಕಾಣೋಕೆ ಒಂದೆರಡು ವಾರ. ಮಾರನೇ ದಿನವೇ ಏನೂ ಆಗಿಲ್ಲ ಅಂತ ಇನ್ನೊಂದು ಕಡೆ ಹೋಗಿ ಮತ್ತೆ ಚುಚ್ಚಿಸಿಕೊಳ್ಳಬೇಡಿ.

ಚುಚ್ಚಿದ ಗಂಟೆಗಳಲ್ಲೋ, ದಿನಗಳಲ್ಲೋ, ಕೆಲವು ವಾರ ಆದ ಮೇಲೋ ನುಂಗೋಕೆ ಕಷ್ಟ ಆದ್ರೆ, ಮಾತು ತೊದಲಿದ್ರೆ, ಒಂದು ವಸ್ತು ಎರಡಾಗಿ ಕಂಡ್ರೆ, ಕುತ್ತಿಗೆ ನಿಲ್ಲಿಸೋಕೆ ಆಗದಿದ್ರೆ, ಉಸಿರು ಕಟ್ಟಿದ ಹಾಗಾದ್ರೆ ಚುಚ್ಚಿದವರಿಗೆ ಫೋನ್ ಮಾಡ್ತಾ ಕೂರಬೇಡಿ. ನೇರ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಬೊಟಾಕ್ಸ್ ಮಾಡಿಸಿದ್ದೆ ಅಂತ ಮೊದಲ ವಾಕ್ಯದಲ್ಲೇ ಹೇಳಿ. ನಾಚಿಕೆಗೆ ಮುಚ್ಚಿಟ್ಟರೆ ಡಾಕ್ಟರ್ ಪಾರ್ಶ್ವವಾಯು ಅಂತಲೋ ಇನ್ನೇನೋ ಅಂತಲೋ ಹುಡುಕ್ತಾ ಹೊತ್ತು ಕಳೀತಾರೆ. ಇದಕ್ಕೆ ಪ್ರತಿವಿಷ ಇದೆ. ಆದ್ರೆ ಅದು ರಕ್ತದಲ್ಲಿ ಓಡಾಡ್ತಿರೋ ಟಾಕ್ಸಿನನ್ನ ಮಾತ್ರ ಹಿಡಿಯುತ್ತೆ, ನರದೊಳಗೆ ಹೊಕ್ಕಾಗಿರೋದನ್ನ ವಾಪಸ್ ತರಲ್ಲ. ಎಷ್ಟು ಬೇಗ ಹೋಗ್ತೀರೋ ಅಷ್ಟು ಉಳಿಯುತ್ತೆ.

ಹಾಗಾದ್ರೆ ಮಾಡಿಸಲೇಬಾರದಾ? ನಾನು ಹಾಗೆ ಹೇಳ್ತಿಲ್ಲ. ರಾತ್ರಿ ಒಂಬತ್ತಕ್ಕೆ ಇಷ್ಟು ದೊಡ್ಡ ಲೈಟಿನ ಕೆಳಗೆ ಕೂರೋ ನನಗೆ ಸುಕ್ಕಿನ ಬಗ್ಗೆ ಉಪದೇಶ ಮಾಡೋ ಹಕ್ಕು ಎಲ್ಲಿದೆ? ನಿಮ್ಮ ದುಡ್ಡು, ನಿಮ್ಮ ಹಣೆ. ಮಾಡಿಸೋರು ಹೀಗೆ ಮಾಡಿ. ಸೀಲ್ ಒಡೆಯದ ಡಬ್ಬಿಯನ್ನ ನಿಮ್ಮ ಮುಂದೆ ಫ್ರಿಜ್‌ನಿಂದ ತೆಗೆಸಿ. ಬ್ರ್ಯಾಂಡ್, ಯೂನಿಟ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ಕಾಣೋ ಹಾಗೆ ಮೊಬೈಲ್‌ನಲ್ಲಿ ಒಂದು ಫೋಟೋ ತಗೊಳ್ಳಿ. ಮುಂಚೇನೇ ಕಲಸಿಟ್ಟ ಸೀಸೆ ಆದರೆ ಯಾವಾಗ ಕಲಸಿದ್ದು, ಎಷ್ಟು ಸಲೈನ್ ಹಾಕಿದ್ದು ಅಂತ ಕೇಳಿ. ಎಷ್ಟು ಯೂನಿಟ್, ಎಲ್ಲೆಲ್ಲಿ ಅಂತ ಚೀಟಿಯಲ್ಲಿ ಬರೆಸ್ಕೊಳ್ಳಿ, ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಅದರಲ್ಲೇ ಇರಲಿ. ಬಿಲ್ ತಗೊಳ್ಳಿ. ನಾಲ್ಕು ತಿಂಗಳ ನಂತರ ಮತ್ತೆ ಮಾಡಿಸೋವಾಗ, ಬೇರೆ ಊರಲ್ಲಿ, ಬೇರೆ ಡಾಕ್ಟರ ಹತ್ರ ಹೋದಾಗಲೂ, ಆ ಚೀಟಿಯನ್ನ ಮೇಜಿನ ಮೇಲಿಡಿ.